ಯಂತ್ರಕ್ಕೆ ಮೊದಲು ಜನ: ಕಂಪನಿಯ ಗುರಿಗೆ ಎಚ್‌ಆರ್ ಯೋಜನೆ ಜೋಡಿಸುವ ಸಮಗ್ರ ಮಾರ್ಗದರ್ಶಿ

ಪೀಣ್ಯ, ಬೊಮ್ಮಸಂದ್ರ, ತುಮಕೂರಿನ ವಸಂತನರಸಾಪುರ, ಬೆಳಗಾವಿಯ ಉದ್ಯಮಬಾಗ್, ಎಲ್ಲಿಗೆ ಹೋದರೂ ಈ ದೃಶ್ಯ ಸಿಗುತ್ತದೆ. ಸಾಲ ಮಾಡಿ ತಂದ ಹೊಸ ಯಂತ್ರಕ್ಕೆ ಪೂಜೆ ಆಗಿದೆ, ಹಾಕಿದ ಹೂವು ಇನ್ನೂ ಬಾಡಿಲ್ಲ. ಆದರೆ ಎರಡನೇ ಶಿಫ್ಟ್‌ನಲ್ಲಿ ಅದನ್ನು ಓಡಿಸುವವರಿಲ್ಲ. ಮಾಲೀಕರು ಎಚ್‌ಆರ್ ಕಡೆ ನೋಡುತ್ತಾರೆ, ಎಚ್‌ಆರ್ ಏಜೆನ್ಸಿಗೆ ಫೋನ್ ಮಾಡುತ್ತದೆ, ಏಜೆನ್ಸಿ ಹತ್ತು ಜನರನ್ನು ವ್ಯಾನಿನಲ್ಲಿ ತಂದು ಇಳಿಸುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಅವರಲ್ಲಿ ಏಳು ಜನ ಇರುವುದಿಲ್ಲ.

ಇಂಥ ಕಡೆ ಎಚ್‌ಆರ್ ವಿಭಾಗಕ್ಕೆ ಕೆಲಸ ಗೊತ್ತಿಲ್ಲವೆಂದಲ್ಲ. ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ. ಕಂಪನಿ ಎತ್ತ ಹೊರಟಿದೆ ಎಂದು ತಿಳಿಯುವ ಮೊದಲೇ ನೇಮಕಾತಿ ಶುರು, ಯಾವ ಕೌಶಲ ಬೇಕೆಂದು ಬರೆಯುವ ಮೊದಲೇ ಟ್ರೈನಿಂಗ್ ಕ್ಯಾಲೆಂಡರ್ ಸಿದ್ಧ. ಸರಿಯಾದ ಕ್ರಮ ಇದು: ಗುರಿ, ಅದರಿಂದ ಕೆಲಸ, ಕೆಲಸದಿಂದ ತಲೆಲೆಕ್ಕ (ಎಷ್ಟು ಜನ ಬೇಕೆಂಬ ಲೆಕ್ಕ), ಅದಕ್ಕೆ ತಕ್ಕ ಕೌಶಲ, ಆಮೇಲೆ ದಿನಾಂಕ, ಕೊನೆಗೆ ಹಣ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಬಿಟ್ಟು ಮುಂದಕ್ಕೆ ಹಾರಿದರೆ ಎರಡು ಹಂತ ಹಿಂದಕ್ಕೆ ಬರಬೇಕಾಗುತ್ತದೆ.

ಲೆಕ್ಕ ಕಣ್ಣಿಗೆ ಕಾಣಲೆಂದು ಉದ್ದಕ್ಕೂ ಒಂದೇ ಉದಾಹರಣೆ ಹಿಡಿದಿದ್ದೇವೆ. ಇದು ಕಾಲ್ಪನಿಕ ಘಟಕ: 160 ಜನರ ಮೆಷಿನ್ ಶಾಪ್. ಈಗ ಸಾಧಾರಣ ಬುಷ್, ಪಿನ್ ಥರದ ಲೋಹದ ಭಾಗ ಮಾಡುತ್ತಿದೆ. ಮುಂದಿನ ನವೆಂಬರ್‌ಗೆ 8 ಹೊಸ ವಿಎಂಸಿ (ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕೊರೆಯುವ) ಯಂತ್ರ ಹಾಕಿ, ಬಿಗಿ ಟಾಲರೆನ್ಸಿನ, ಅಂದರೆ ಅಳತೆ ಕೂದಲೆಳೆಯಷ್ಟೂ ತಪ್ಪಬಾರದ, ಹೌಸಿಂಗ್ ಭಾಗಗಳಿಗೆ ಇಳಿಯಬೇಕು ಅನ್ನುವುದು ಗುರಿ. ಗಾರ್ಮೆಂಟ್ಸ್, ಆಸ್ಪತ್ರೆ, ಗೋದಾಮು ಯಾವುದಾದರೂ ಅಂಕಿಗಳು ಬೇರೆಯಾಗುತ್ತವೆ, ದಾರಿ ಇದೇ.

ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದವು

ದುಬಾರಿ ಸಾಫ್ಟ್‌ವೇರ್ ಬೇಡ, ಒಂದು ಎಕ್ಸೆಲ್ ಶೀಟ್ ಸಾಕು. ಆದರೆ ಈ ಐದು ಕಾಗದಗಳಿಲ್ಲದೆ ಕೂರಬೇಡಿ: ಕಳೆದ 24 ತಿಂಗಳ ಹಾಜರಾತಿ, ಅದೇ ಅವಧಿಯ ಸಂಬಳದ ರಿಜಿಸ್ಟರ್ (ಓಟಿ, ಅಂದರೆ ಹೆಚ್ಚುವರಿ ಗಂಟೆಗಳ ಹಣ, ಬೇರೆಯಾಗಿ ಕಾಣುವಂಥದ್ದು), ಕೆಲಸ ಬಿಟ್ಟವರ ಪಟ್ಟಿ (ಸೇರಿದ ದಿನ, ಬಿಟ್ಟ ದಿನ, ವಿಭಾಗ, ಶಿಫ್ಟ್), ಮುಂದಿನ 12 ತಿಂಗಳ ಆರ್ಡರ್ ಅಂದಾಜು, ಯಂತ್ರಗಳ ಪಟ್ಟಿ.

ಕೂರಬೇಕಾದವರು ನಾಲ್ವರು: ಮಾಲೀಕರು ಅಥವಾ ಎಂಡಿ, ಪ್ರೊಡಕ್ಷನ್ ಮ್ಯಾನೇಜರ್, ಅಕೌಂಟ್ಸ್ ಮುಖ್ಯಸ್ಥರು, ಎಚ್‌ಆರ್. ಅಕೌಂಟ್ಸ್ ಬಿಟ್ಟು ಮಾಡಿದ ಯೋಜನೆ ಬಜೆಟ್ ದಿನ ಸಾಯುತ್ತದೆ. ಪ್ರೊಡಕ್ಷನ್ ಬಿಟ್ಟು ಮಾಡಿದ್ದು ಶಾಪ್ ಫ್ಲೋರ್‌ಗೆ ಇಳಿಯುವುದೇ ಇಲ್ಲ.

ಹಂತ 1: ಗುರಿಯನ್ನು ಕೆಲಸದ ಮಾತಿಗೆ ಇಳಿಸಿ

"ಈ ವರ್ಷ 30% ಬೆಳೆಯಬೇಕು" ಅನ್ನುವುದರಿಂದ ಎಚ್‌ಆರ್‌ಗೆ ಒಂದು ಅಕ್ಷರವೂ ಸಿಗುವುದಿಲ್ಲ. ಅದೇ 30% ಬೆಲೆ ಏರಿಸಿದರೂ ಬರಬಹುದು, ಮೂರನೇ ಶಿಫ್ಟ್ ಓಡಿಸಿದರೂ ಬರಬಹುದು, ಹೊಸ ಬಗೆಯ ಭಾಗ ಮಾಡಿದರೂ ಬರಬಹುದು. ಮೊದಲನೆಯದಕ್ಕೆ ಹೊಸ ಜನ ಬೇಡ. ಎರಡನೆಯದಕ್ಕೆ ಈಗಿರುವಂಥವರೇ ಇನ್ನಷ್ಟು ಬೇಕು. ಮೂರನೆಯದಕ್ಕೆ ಬೇರೆ ಥರದ ಜನ ಬೇಕು.

ಒಂದು ಹಾಳೆಯಲ್ಲಿ ನಾಲ್ಕು ಪ್ರಶ್ನೆಗೆ ಉತ್ತರ ಬರೆಸಿಕೊಳ್ಳಿ. ಮುಂದಿನ 18 ತಿಂಗಳಲ್ಲಿ ನಾವು ಹೊಸದಾಗಿ ಏನು ಮಾಡುತ್ತೇವೆ? ಯಾವುದನ್ನು ನಿಲ್ಲಿಸುತ್ತೇವೆ? ಗ್ರಾಹಕ ನಮ್ಮನ್ನು ಯಾವುದಕ್ಕಾಗಿ ಆರಿಸುತ್ತಾನೆ: ಬೆಲೆಗೋ, ಗುಣಮಟ್ಟಕ್ಕೋ, ಸಮಯಕ್ಕೋ? ಯಾವ ತಾರೀಖಿಗೆ ಏನು ಶುರುವಾಗುತ್ತದೆ?

ಮೂರನೆಯ ಪ್ರಶ್ನೆಗೆ "ಮೂರಕ್ಕೂ" ಅಂತ ಉತ್ತರ ಬರುವುದು ಖಚಿತ. ಒಪ್ಪಬೇಡಿ, ಒಂದನ್ನು ಮೊದಲು ಇಡಿಸಿ. ಸಂಬಳದ ರಚನೆ, ಇನ್ಸೆಂಟಿವ್, ಯಾರಿಗೆ ಬಡ್ತಿ ಅನ್ನುವುದೆಲ್ಲ ಈ ಒಂದು ಉತ್ತರದ ಮೇಲೆ ನಿಂತಿದೆ. ನಮ್ಮ ಉದಾಹರಣೆಯ ಘಟಕ ಇಲ್ಲಿವರೆಗೆ ಬೆಲೆಗೆ ಮಾರುತ್ತಿತ್ತು, ಇನ್ನು ಮುಂದೆ ಗುಣಮಟ್ಟಕ್ಕೆ ಮಾರಬೇಕು.

ಎರಡನೆಯ ಪ್ರಶ್ನೆಯನ್ನು ಬಹುತೇಕರು ಕೇಳುವುದೇ ಇಲ್ಲ. ಹಳೆ ಲೈನ್‌ನಲ್ಲಿ ಬಿಡುಗಡೆಯಾಗುವ ಜನರೇ ಹೊಸ ಕೆಲಸಕ್ಕೆ ಸಿಗುವ ಅತ್ಯಂತ ಅಗ್ಗದ, ಅತ್ಯಂತ ನಂಬಿಕಸ್ತ ಮೂಲ.

ಎಚ್ಚರಿಕೆಯ ಗುರುತು: ಈ ಹಾಳೆಯನ್ನು ಎಂಡಿ ಮತ್ತು ಪ್ರೊಡಕ್ಷನ್ ಮ್ಯಾನೇಜರ್ ಕೈಯಲ್ಲಿ ಬೇರೆಬೇರೆಯಾಗಿ ಬರೆಸಿ ನೋಡಿ. ದಿನಾಂಕಗಳು ಎರಡು ತಿಂಗಳಿಗಿಂತ ಹೆಚ್ಚು ಆಚೀಚೆಯಾಗಿದ್ದರೆ ಅಲ್ಲೇ ನಿಲ್ಲಿ.

ಹಂತ 2: ಕೆಲಸದಿಂದ ತಲೆಲೆಕ್ಕ ತೆಗೆಯಿರಿ

ಇಲ್ಲಿ ನಡೆಯುವಷ್ಟು ತಪ್ಪು ಬೇರೆಲ್ಲೂ ನಡೆಯುವುದಿಲ್ಲ, ಹಾಗಾಗಿ ನಿಧಾನಕ್ಕೆ ಹೋಗೋಣ.

ಮೊದಲು ಜಾಗಗಳನ್ನು ಎಣಿಸಿ, ಜನರನ್ನಲ್ಲ. 8 ವಿಎಂಸಿ, ಒಬ್ಬ ಆಪರೇಟರ್ ಎರಡು ಯಂತ್ರ ನೋಡಿಕೊಳ್ಳುತ್ತಾನೆ ಎಂದಿಟ್ಟುಕೊಂಡರೆ ಶಿಫ್ಟಿಗೆ 4 ಜಾಗ, ಮೂರು ಶಿಫ್ಟಿಗೆ 12. ಸೆಟ್ಟರ್ (ಪ್ರತಿ ಭಾಗಕ್ಕೆ ಯಂತ್ರವನ್ನು ಹೊಂದಿಸಿ ಕೊಡುವವರು) ಶಿಫ್ಟಿಗೆ ಒಬ್ಬರು: 3 ಜಾಗ. ಸಿಎಂಎಂ (ಭಾಗಗಳನ್ನು ನಿಖರವಾಗಿ ಅಳೆಯುವ ಯಂತ್ರ) ಇನ್ಸ್‌ಪೆಕ್ಟರ್ ಶಿಫ್ಟಿಗೆ ಒಬ್ಬರು: 3 ಜಾಗ. ಪ್ರೋಗ್ರಾಮರ್ ಜನರಲ್ ಶಿಫ್ಟಿಗೆ 2.

ಈಗ ಒಬ್ಬ ಮನುಷ್ಯ ವರ್ಷಕ್ಕೆ ನಿಜವಾಗಿ ಎಷ್ಟು ದಿನ ಸಿಗುತ್ತಾನೆ ನೋಡಿ. 365ರಲ್ಲಿ 52 ಭಾನುವಾರ ಕಳೆಯಿರಿ. ರಾಷ್ಟ್ರೀಯ ಮತ್ತು ಹಬ್ಬದ ರಜೆ 10 ಕಳೆಯಿರಿ. ಉಳಿದ 303 ದಿನ ಯಂತ್ರ ಓಡುತ್ತದೆ. ಆ ಮನುಷ್ಯನಿಗೆ 20 ದಿನಕ್ಕೆ ಒಂದರಂತೆ ಗಳಿಕೆ ರಜೆ ಸುಮಾರು 15. ಅದರ ಮೇಲೆ ಜ್ವರ, ಮದುವೆ, ಊರ ಜಾತ್ರೆ, ಹೇಳದೆ ಕೇಳದೆ ತಪ್ಪಿಸಿಕೊಂಡದ್ದು ಎಲ್ಲ ಸೇರಿ 18 ದಿನ ಇಟ್ಟುಕೊಳ್ಳಿ. ಸಿಗುವುದು 270.

12 ಜಾಗಕ್ಕೆ ಬೇಕಾದ ಜನ: 12 × 303 ÷ 270 = 13.5, ಅಂದರೆ 14. ಸೆಟ್ಟರ್ 3 ಜಾಗಕ್ಕೆ 3.4, ಅಂದರೆ 4. ಸಿಎಂಎಂಗೂ 4. ಪ್ರೋಗ್ರಾಮರ್ 2. ಒಟ್ಟು 24.

ಯಂತ್ರ ಮಾರುವವರ ಕೊಟೇಶನ್ ನೋಡಿ "20 ಜನ ಸಾಕು" ಎಂದುಕೊಂಡವರಿಗೆ ಇಲ್ಲೇ 4 ಜನ ಕಡಿಮೆ ಬೀಳುತ್ತಾರೆ. ಆ ಕೊರತೆ ಓಟಿ ರೂಪದಲ್ಲಿ ಎದ್ದು ಬರುತ್ತದೆ, ಓಟಿಗೆ ದುಪ್ಪಟ್ಟು ದರ ಕೊಡಬೇಕೆನ್ನುವುದು ಕಾನೂನು. ನಿಮ್ಮ ಹಾಜರಾತಿಯ ಅಂಕಿಗಳನ್ನೇ ಬಳಸಿ, ನಮ್ಮ 18 ದಿನವನ್ನು ನಕಲು ಮಾಡಬೇಡಿ. ಕೆಲವು ಘಟಕಗಳಲ್ಲಿ ಅದು 8 ಇರುತ್ತದೆ, ಕೆಲವು ಕಡೆ 40.

ವರ್ಷದ ಸರಾಸರಿಯನ್ನೂ ಪೂರ್ತಿ ನಂಬಬೇಡಿ, ತಿಂಗಳುವಾರು ತೆಗೆಯಿರಿ. ಉತ್ತರ ಕರ್ನಾಟಕದ ಹುಡುಗರು ಯುಗಾದಿ, ಜಾತ್ರೆ ಸಮಯಕ್ಕೆ ಊರಿಗೆ ಹೋಗುತ್ತಾರೆ. ಮಳೆ ಸರಿಯಾಗಿ ಬಿದ್ದರೆ ಬಿತ್ತನೆಗೂ ಹೋಗುತ್ತಾರೆ. ಬಿಹಾರದವರು ದೀಪಾವಳಿಗೆ ಹೊರಟರೆ ಛಠ್ ಮುಗಿಸಿಯೇ ಹಿಂತಿರುಗುವುದು. ಡಿಸ್ಪ್ಯಾಚ್ ಒತ್ತಡ ಮಾರ್ಚ್ ಕೊನೆಗೆ ಬೀಳುವ ಕಂಪನಿಗೆ ಯುಗಾದಿ ಅದೇ ಹೊತ್ತಿಗೆ ಬರುತ್ತದೆ. ಇದು ಪ್ರತಿ ವರ್ಷ ಬರುವ ಸಂಗತಿ, ಆದರೂ ಪ್ರತಿ ವರ್ಷ "ಇದ್ದಕ್ಕಿದ್ದಂತೆ ಜನ ಕಡಿಮೆಯಾದರು" ಎಂದು ಮೇಲ್ ಹೋಗುತ್ತದೆ.

ಸಾಮಾನ್ಯ ತಪ್ಪು: ಕಳೆದ ವರ್ಷದ ತಲೆಲೆಕ್ಕಕ್ಕೆ 10% ಸೇರಿಸಿ ಬಜೆಟ್ ಕೊಡುವುದು. ಹೀಗೆ ಮಾಡಿದರೆ ಕಳೆದ ವರ್ಷದ ತಪ್ಪಿಗೂ 10% ಬಡ್ಡಿ ಸೇರುತ್ತದೆ.

ಹಂತ 3: ಇರುವವರ ಕೌಶಲವನ್ನು ಯಂತ್ರದ ಮುಂದೆ ನಿಲ್ಲಿಸಿ ಅಳೆಯಿರಿ

ಎಡಕ್ಕೆ ಹೆಸರುಗಳು, ಮೇಲೆ ಕೆಲಸಗಳು: ಡ್ರಾಯಿಂಗ್ ಓದುವುದು, ಮೈಕ್ರೋಮೀಟರ್ ಹಿಡಿಯುವುದು, ಟೂಲ್ ಆಫ್‌ಸೆಟ್ ಕೊಡುವುದು, ಫಿಕ್ಸ್‌ಚರ್ (ಪೀಸನ್ನು ಅಲುಗದಂತೆ ಹಿಡಿದಿಡುವ ಸಾಧನ) ಕಟ್ಟುವುದು, ಪ್ರೋಗ್ರಾಂ ತಿದ್ದುವುದು, ಸಿಎಂಎಂ ಓಡಿಸುವುದು. ಪ್ರತಿ ಚೌಕದಲ್ಲಿ 0ಯಿಂದ 4ರವರೆಗೆ ಅಂಕ. 0 ಗೊತ್ತಿಲ್ಲ, 1 ನೋಡಿ ತಿಳಿದಿದ್ದಾನೆ, 2 ಪಕ್ಕದಲ್ಲಿ ಒಬ್ಬರಿದ್ದರೆ ಮಾಡುತ್ತಾನೆ, 3 ಒಬ್ಬನೇ ಮಾಡುತ್ತಾನೆ, 4 ಇನ್ನೊಬ್ಬರಿಗೆ ಕಲಿಸಬಲ್ಲ.

ಈ ಸ್ಕಿಲ್ ಮ್ಯಾಟ್ರಿಕ್ಸ್ ಬಹಳಷ್ಟು ಕಾರ್ಖಾನೆಗಳ ಗೋಡೆ ಮೇಲೆ ಇದ್ದೇ ಇರುತ್ತದೆ, ಆಡಿಟ್‌ಗೆಂದು. ಅದನ್ನು ಯೋಜನೆಗೆ ಬಳಸಬೇಡಿ. ಸೂಪರ್‌ವೈಸರ್ ಆಫೀಸಿನಲ್ಲಿ ಕೂತು ನೆನಪಿನಿಂದ ತುಂಬಿದ ಹಾಳೆಯಲ್ಲಿ ತನಗೆ ಬೇಕಾದವರಿಗೆಲ್ಲ 3 ಇರುತ್ತದೆ. ಹೊಸದಾಗಿ, ಯಂತ್ರದ ಮುಂದೆ, ಒಬ್ಬರಿಗೆ 30ರಿಂದ 40 ನಿಮಿಷ ಕೊಟ್ಟು ಅಳೆಯಿರಿ. ಒಂದು ಡ್ರಾಯಿಂಗ್ ಕೊಡಿ, ಐದು ಅಳತೆ ಕೇಳಿ. ಮೊದಲೇ ಅಳತೆ ಗೊತ್ತಿರುವ ಮೂರು ಪೀಸ್ ಕೊಡಿ, ಒಂದರಲ್ಲಿ ತಪ್ಪು ಇರಲಿ, ಸಿಕ್ಕಿತೇ ನೋಡಿ. ಪರೀಕ್ಷೆ ಮಾಡುವವರು ಬೇರೆ ವಿಭಾಗದವರಾಗಿರಲಿ.

ಪರೀಕ್ಷೆಗೆ ಮೊದಲು ಜನರಿಗೆ ಹೇಳಬೇಕಾದ ಮಾತೊಂದಿದೆ: ಈ ಅಂಕದಿಂದ ಯಾರ ಸಂಬಳವೂ ಕಡಿಮೆಯಾಗುವುದಿಲ್ಲ, ಯಾರನ್ನೂ ತೆಗೆಯುವುದಿಲ್ಲ. ಇದನ್ನು ನೋಟಿಸ್ ಬೋರ್ಡಿನಲ್ಲಿ ಬರೆದು ಹಾಕಿ, ಯೂನಿಯನ್ ಅಥವಾ ವರ್ಕ್ಸ್ ಕಮಿಟಿ ಇದ್ದರೆ ಮೊದಲು ಅವರಿಗೆ ತಿಳಿಸಿ. ಇಲ್ಲದಿದ್ದರೆ ಮೊದಲ ದಿನವೇ "ಪಟ್ಟಿ ಮಾಡ್ತಿದ್ದಾರಂತೆ, ಕಳಿಸೋಕೆ" ಎಂಬ ಸುದ್ದಿ ಕ್ಯಾಂಟೀನ್ ತಲುಪುತ್ತದೆ.

ಓದುವ ರೀತಿ ಹೀಗೆ. ಪ್ರತಿ ಮುಖ್ಯ ಕೆಲಸಕ್ಕೆ 3 ಅಥವಾ 4 ಅಂಕದವರು ಶಿಫ್ಟಿಗೊಬ್ಬರಂತೆ ಕನಿಷ್ಠ ಮೂವರಿರಬೇಕು, ಜೊತೆಗೆ ಒಬ್ಬ ಬದಲಿ. ಇಡೀ ಕಂಬಸಾಲಿನಲ್ಲಿ ಒಬ್ಬರಿಗೆ ಮಾತ್ರ 4 ಇದ್ದು ಉಳಿದವರಿಗೆಲ್ಲ 1 ಇದ್ದರೆ, ಅದು ನಿಮ್ಮ ಕಂಪನಿಯ ಅತಿ ದೊಡ್ಡ ಅಪಾಯ. ಆ ವ್ಯಕ್ತಿ ರಜೆ ಹಾಕಿದ ದಿನ ಏನಾಗುತ್ತದೆ ಎಂದು ಪ್ರೊಡಕ್ಷನ್‌ನವರಿಗೆ ಚೆನ್ನಾಗಿ ಗೊತ್ತು. ಯಾರೂ ಬರೆದಿಟ್ಟಿರುವುದಿಲ್ಲ ಅಷ್ಟೇ.

ಹಂತ 4: ಜನ ಎಲ್ಲಿಂದ ಬರಬೇಕು, ತೀರ್ಮಾನಿಸಿ

ದಾರಿ ನಾಲ್ಕು: ಒಳಗಿನವರನ್ನು ಮೇಲೆತ್ತುವುದು, ಹೊರಗಿನಿಂದ ತರುವುದು, ಅಪ್ರೆಂಟಿಸ್ ತೆಗೆದುಕೊಳ್ಳುವುದು, ಗುತ್ತಿಗೆಗೆ ಕೊಡುವುದು. ನಮ್ಮ ಯಂತ್ರಕ್ಕೆ, ನಮ್ಮ ಫಿಕ್ಸ್‌ಚರ್‌ಗೆ ಮಾತ್ರ ಹೊಂದುವ ಕೌಶಲವಾದರೆ ಒಳಗಿನವರು. ಮಾರುಕಟ್ಟೆಯಲ್ಲಿ ಸಿಗುವಂಥದ್ದಾದರೆ ಹೊರಗಿನವರು.

ಸೆಟ್ಟರ್‌ಗಳನ್ನು ಒಳಗಿನಿಂದಲೇ ಮಾಡಿ. ಹೊರಗಿನಿಂದ ಬಂದ ಒಳ್ಳೆಯ ಸೆಟ್ಟರ್ ಎರಡು ಸಾವಿರ ಹೆಚ್ಚು ಸಿಕ್ಕಿದರೆ ಪಕ್ಕದ ರಸ್ತೆಗೆ ಹೋಗುತ್ತಾನೆ, ಮೊದಲು ನಿಮ್ಮಲ್ಲಿಗೆ ಬಂದದ್ದೂ ಹಾಗೆಯೇ. ಪ್ರೋಗ್ರಾಮರ್‌ಗಳಲ್ಲಿ ಒಬ್ಬರನ್ನು ಹೊರಗಿನಿಂದ ತನ್ನಿ, ಅವರ ಪಕ್ಕಕ್ಕೆ ಒಳಗಿನ ಒಬ್ಬ ಡಿಪ್ಲೊಮಾ ಹುಡುಗನನ್ನೋ ಹುಡುಗಿಯನ್ನೋ ಕೂರಿಸಿ.

ಈಗ ಎಲ್ಲರೂ ಮರೆಯುವ ಸರಪಳಿ ಲೆಕ್ಕ. ನಾಲ್ವರು ಆಪರೇಟರ್‌ಗಳು ಸೆಟ್ಟರ್ ಆದರೆ ಹಳೆ ಲೈನಿನಲ್ಲಿ ನಾಲ್ಕು ಜಾಗ ಖಾಲಿ. ಹಾಗಾಗಿ ಹೊಸ ಆಪರೇಟರ್ ಬೇಕಾದದ್ದು 14 ಅಲ್ಲ, 18. ಹೊಸಬರಲ್ಲಿ ಮೂರರಲ್ಲಿ ಒಬ್ಬರು ಮೂರು ತಿಂಗಳೊಳಗೆ ಬಿಡುತ್ತಾರೆ ಎಂದು ನಿಮ್ಮ ಪಟ್ಟಿ ಹೇಳಿದರೆ, 18 ಜನ ಉಳಿಯಬೇಕಾದರೆ 27 ಜನರನ್ನು ಸೇರಿಸಿಕೊಳ್ಳಬೇಕು. 14ರಿಂದ 27ಕ್ಕೆ ಹೋಯಿತು! ಕಾಗದದ ಮೇಲೆ 14 ಬರೆದು ನೇಮಕಾತಿ ಮುಗಿಸಿದವರು ಸಾಲದೆ ಒದ್ದಾಡುವುದು ಇದರಿಂದಲೇ. ಹಳೆ ಬುಷ್ ಲೈನನ್ನು ಇಳಿಸುತ್ತೀರಾದರೆ ಅಲ್ಲಿ ಬಿಡುಗಡೆಯಾಗುವವರನ್ನು ಇದರಿಂದ ಕಳೆಯಿರಿ. ಹಂತ 1ರ ಎರಡನೇ ಪ್ರಶ್ನೆ ಉಪಯೋಗಕ್ಕೆ ಬರುವುದು ಇಲ್ಲಿ.

ಅಪ್ರೆಂಟಿಸ್ ವಿಚಾರ. 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ಒಟ್ಟು ಬಲದ 2.5%ರಿಂದ 15%ವರೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಗುತ್ತಿಗೆಯವರೂ ಆ ಬಲದಲ್ಲಿ ಸೇರುತ್ತಾರೆ. 160 ಜನಕ್ಕೆ ಅದು 4ರಿಂದ 24. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಡಿ ಸ್ಟೈಪೆಂಡಿನ 25%, ತಿಂಗಳಿಗೆ ಹೆಚ್ಚೆಂದರೆ 1,500 ರೂ., ಕೇಂದ್ರ ಸರ್ಕಾರದಿಂದ ಬರುತ್ತದೆ. ಬಹುತೇಕರು ಕನಿಷ್ಠ 4ಕ್ಕೆ ನಿಲ್ಲಿಸಿ ಕೈತೊಳೆದುಕೊಳ್ಳುತ್ತಾರೆ. ಅದು ತಪ್ಪು ಲೆಕ್ಕ. ಹೊಸ ಲೈನ್ ಬರುವ ವರ್ಷ 12ರಿಂದ 15 ತೆಗೆದುಕೊಂಡರೆ ವರ್ಷದ ಕೊನೆಗೆ ನಿಮ್ಮದೇ ಯಂತ್ರದ ಮೇಲೆ ಪಳಗಿದ ಎಂಟ್ಹತ್ತು ಜನ ಸಿಗುತ್ತಾರೆ. ಆದರೆ ಅಪ್ರೆಂಟಿಸ್‌ಗಳನ್ನು ಆಪರೇಟರ್ ತಲೆಲೆಕ್ಕದಲ್ಲಿ ಸೇರಿಸಬೇಡಿ. ಕಲಿಯಲು ಬಂದವರನ್ನು ಮೊದಲ ವಾರದಿಂದಲೇ ರಾತ್ರಿ ಶಿಫ್ಟಿಗೆ ಹಾಕಿದರೆ ಕಲಿಕೆಯೂ ಇಲ್ಲ, ಕಾನೂನಿಗೂ ಉತ್ತರವಿಲ್ಲ.

ಜನ ಹುಡುಕುವಾಗ ಏಜೆನ್ಸಿಗೆ ಮೊದಲು ಐಟಿಐ, ಜಿಟಿಟಿಸಿ, ಎನ್‌ಟಿಟಿಎಫ್, ಪಾಲಿಟೆಕ್ನಿಕ್ ಥರದ ತಾಂತ್ರಿಕ ತರಬೇತಿ ಸಂಸ್ಥೆಗಳ ಪ್ಲೇಸ್‌ಮೆಂಟ್ ಅಧಿಕಾರಿಗಳ ಹತ್ತಿರ ಹೋಗಿ. ಪರೀಕ್ಷೆ ಮುಗಿದ ಮೇಲೆ ಹೋದರೆ ಒಳ್ಳೆಯವರನ್ನು ದೊಡ್ಡ ಕಂಪನಿಗಳು ಎತ್ತಿಕೊಂಡಿರುತ್ತವೆ, ಹಾಗಾಗಿ ಎರಡು ಮೂರು ತಿಂಗಳು ಮುಂಚೆ ಹೋಗಿ. ವಿದ್ಯಾರ್ಥಿಗಳನ್ನು ಅರ್ಧ ದಿನ ಕಾರ್ಖಾನೆಗೆ ಕರೆಸಿ. ಕೂಲಂಟ್ ವಾಸನೆ, ನಿಂತು ಮಾಡುವ ಕೆಲಸ, ರಾತ್ರಿ ಶಿಫ್ಟ್ ಎಲ್ಲ ಕಣ್ಣಾರೆ ನೋಡಲಿ. ನೋಡಿ ಬೇಡ ಅಂದವರು ನಿಮ್ಮ ಒಂದು ತಿಂಗಳ ಸಂಬಳ ಉಳಿಸಿದಂತೆ.

ಗುತ್ತಿಗೆ ಕಾರ್ಮಿಕರ ವಿಷಯದಲ್ಲಿ ಒಂದೇ ಮಾತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಮುಖ್ಯ ಉತ್ಪಾದನಾ ಕೆಲಸಕ್ಕೆ ಗುತ್ತಿಗೆಯವರನ್ನು ಬಳಸುವುದಕ್ಕೆ ಅಲ್ಲಿ ನಿಷೇಧವಿದೆ, ಕೆಲವು ವಿನಾಯಿತಿಗಳೂ ಇವೆ. ಹೊಸ ಲೈನನ್ನೇ ಗುತ್ತಿಗೆ ಜನರ ಮೇಲೆ ನಿಲ್ಲಿಸುವ ಆಲೋಚನೆಯಿದ್ದರೆ ಕಾರ್ಮಿಕ ಕಾನೂನು ತಿಳಿದವರ ಲಿಖಿತ ಅಭಿಪ್ರಾಯ ಪಡೆದ ಮೇಲೆ ಮುಂದುವರಿಯಿರಿ.

ಹಂತ 5: ಯಂತ್ರ ಬರುವ ದಿನದಿಂದ ಹಿಂದಕ್ಕೆ ಎಣಿಸಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತ ಮಾಡುವಷ್ಟು ಪುರುಸೊತ್ತು ಇದ್ದರೆ ಇದನ್ನು ಮಾಡಿ. ಹಣ ಕೊಟ್ಟರೆ ಯಂತ್ರ ಕೆಲವೇ ತಿಂಗಳಲ್ಲಿ ಬರುತ್ತದೆ. ಸೆಟ್ಟರ್ ಬರುವುದಿಲ್ಲ, ಅವನನ್ನು ಬೆಳೆಸಬೇಕು.

ನವೆಂಬರ್ 1ಕ್ಕೆ ಯಂತ್ರ ಶುರು ಎಂದಿಟ್ಟುಕೊಳ್ಳಿ. ಒಳ್ಳೆಯ ಆಪರೇಟರ್ ಸ್ವತಂತ್ರ ಸೆಟ್ಟರ್ ಆಗಲು 9 ತಿಂಗಳಾದರೂ ಬೇಕು, ಅಂದರೆ ಆಯ್ಕೆ ಫೆಬ್ರವರಿಗೆ ಮುಗಿದಿರಬೇಕು. ಹೊರಗಿನ ಪ್ರೋಗ್ರಾಮರ್‌ಗೆ ನೋಟಿಸ್ ಅವಧಿ 60ರಿಂದ 90 ದಿನ, ಬಂದ ಮೇಲೆ ನಿಮ್ಮ ಭಾಗಗಳ ಪ್ರೋಗ್ರಾಂ ಬರೆಯಲು ಇನ್ನೊಂದು ತಿಂಗಳು. ಆಫರ್ ಲೆಟರ್ ಜೂನ್ ಕೊನೆಗೆ ಹೋಗಿರಬೇಕು, ಹುಡುಕಾಟ ಏಪ್ರಿಲ್‌ನಲ್ಲಿ. ಸಿಎಂಎಂಗೆ 3 ತಿಂಗಳು: ಆಗಸ್ಟ್ ಮೊದಲ ವಾರ. ಹೊಸ ಆಪರೇಟರ್ ಒಬ್ಬನೇ ನಿಲ್ಲಲು 4 ತಿಂಗಳು: ಜುಲೈ ಮೊದಲ ವಾರ.

27 ಆಪರೇಟರ್‌ಗಳನ್ನು ಒಂದೇ ದಿನ ಸೇರಿಸಬೇಡಿ. ಕಲಿಸುವವರು, ಅಂದರೆ 4 ಅಂಕದವರು, ನಿಮ್ಮಲ್ಲಿ ಎಷ್ಟಿದ್ದಾರೆ? ಒಬ್ಬರ ಕೈಕೆಳಗೆ ಮೂವರಿಗಿಂತ ಹೆಚ್ಚು ಇಟ್ಟರೆ ಕಲಿಕೆ ಆಗುವುದಿಲ್ಲ, ಬರೀ ಹಾಜರಾತಿ ಆಗುತ್ತದೆ. ಕಲಿಸುವವರು ಮೂವರಿದ್ದರೆ ತಂಡಕ್ಕೆ 9 ಜನ, ಮೂರು ತಂಡ: ಮೇ, ಜೂನ್, ಜುಲೈ. ಮೂರು ತಂಡ ಒಂದರ ಮೇಲೊಂದು ಬೀಳುವಾಗ ಹಿಂದಿನ ತಂಡದವರು ಮೊದಲ ತಿಂಗಳ ಪಾಠ ಮುಗಿಸಿ ಹಳೆ ಯಂತ್ರಗಳ ಮೇಲೆ ಅಭ್ಯಾಸದಲ್ಲಿರಬೇಕು. ಕಲಿಸುವ ದಿನಗಳಲ್ಲಿ ಆ ಮೂವರ ಪ್ರೊಡಕ್ಷನ್ ಟಾರ್ಗೆಟ್ ಅರ್ಧಕ್ಕೆ ಇಳಿಸಿ, ಅವರ ಇನ್ಸೆಂಟಿವ್ ಕಡಿಮೆಯಾಗದಂತೆ ನೋಡಿಕೊಳ್ಳಿ. ಕಲಿಸಿದ್ದಕ್ಕೆ ಕೈಗೆ ಬರುವ ಹಣ ಕಡಿಮೆಯಾದರೆ ಎರಡನೇ ತಂಡಕ್ಕೆ ಯಾರೂ ಮನಸ್ಸಿಟ್ಟು ಕಲಿಸುವುದಿಲ್ಲ.

ಎಚ್ಚರಿಕೆಯ ಗುರುತು: ಯಂತ್ರದ ಪರ್ಚೇಸ್ ಆರ್ಡರ್ ಹೋದ ದಿನ ಸೆಟ್ಟರ್ ಪಟ್ಟಿ ಇನ್ನೂ ಸಿದ್ಧವಾಗಿಲ್ಲದಿದ್ದರೆ ನೀವು ಆಗಲೇ ತಡವಾಗಿದ್ದೀರಿ. ಆಗ ಉಳಿದಿರುವ ಪ್ರಾಮಾಣಿಕ ದಾರಿ ಒಂದೇ: ಮೊದಲ ಮೂರು ತಿಂಗಳು ಒಂದೇ ಶಿಫ್ಟ್ ಓಡಿಸುತ್ತೇವೆಂದು ಗ್ರಾಹಕರಿಗೂ ಬ್ಯಾಂಕಿಗೂ ಮೊದಲೇ ಹೇಳುವುದು.

ಹಂತ 6: ಪೂರ್ತಿ ಖರ್ಚು ಬರೆಯಿರಿ

ಆಪರೇಟರ್‌ಗೆ ಬೇಸಿಕ್ ಮತ್ತು ಡಿಎ ಸೇರಿ 20,000 ರೂ. ಎಂದಿಟ್ಟುಕೊಳ್ಳಿ. ಕಂಪನಿಯ ಕೈಯಿಂದ ಹೋಗುವುದು ಅಷ್ಟೇ ಅಲ್ಲ. 15,000 ರೂ. ಮಿತಿಯ ಮೇಲೆ ಪಿಎಫ್ 12%, ಆಡಳಿತ ಮತ್ತು ವಿಮೆಯ 1% ಸೇರಿ 1,950. ಇಎಸ್‌ಐ 3.25%: 650. ಬೋನಸ್ 8.33%: 1,666 (ಲೆಕ್ಕ ಸರಳವಾಗಲೆಂದು ಪೂರ್ತಿ ಸಂಬಳದ ಮೇಲೆ ಹಿಡಿದಿದೆ). ಗ್ರಾಚ್ಯುಟಿ 4.81%: 962. ಒಟ್ಟು 25,228 ರೂ. ಯೂನಿಫಾರಂ, ಶೂ, ಕ್ಯಾಂಟೀನ್, ಬಸ್ಸು ಇದರಲ್ಲಿ ಇನ್ನೂ ಸೇರಿಲ್ಲ.

18 ಜನರಿಗೆ 4 ತಿಂಗಳ ಕಲಿಕೆ ಅವಧಿಯ ಖರ್ಚು 18 ಲಕ್ಷ ರೂ. ದಾಟುತ್ತದೆ. ಬಿಟ್ಟು ಹೋಗುವ 9 ಜನ ಸರಾಸರಿ ಎರಡು ತಿಂಗಳು ಇದ್ದರೆ ಇನ್ನೂ ನಾಲ್ಕೂವರೆ ಲಕ್ಷ. ಈ ಸುಮಾರು 23 ಲಕ್ಷವನ್ನು ಯಂತ್ರದ ಪ್ರಾಜೆಕ್ಟ್ ರಿಪೋರ್ಟಿನಲ್ಲೇ ತೋರಿಸಿ. ಅಲ್ಲಿ ಇಲ್ಲದಿದ್ದರೆ ಅದು ಎಚ್‌ಆರ್ ಬಜೆಟ್ಟಿನ ಅತಿರೇಕವಾಗಿ ಕಾಣುತ್ತದೆ, ಮೊದಲ ಕತ್ತರಿ ಅಲ್ಲೇ ಬೀಳುತ್ತದೆ.

ಎರಡು ಗುಂಡಿಗಳನ್ನು ನೋಡಿಕೊಂಡು ನಡೆಯಿರಿ. ಒಂದು, ಇಎಸ್‌ಐ ಮಿತಿ ತಿಂಗಳಿಗೆ 21,000 ರೂ. ಖುಷಿಗೆಂದು ಸಂಬಳವನ್ನು 20,500ರಿಂದ 21,500ಕ್ಕೆ ಏರಿಸಿದರೆ, ನಡೆಯುತ್ತಿರುವ ಆರು ತಿಂಗಳ ವಂತಿಗೆ ಅವಧಿ ಮುಗಿದ ಮೇಲೆ ಆ ಕುಟುಂಬ ಇಎಸ್‌ಐನಿಂದ ಹೊರಗೆ ಬೀಳುತ್ತದೆ. ಮನೆಯಲ್ಲಿ ಹೆರಿಗೆಯೋ ಡಯಾಲಿಸಿಸ್ಸೋ ಇದ್ದವರಿಗೆ ಆ ಸಾವಿರ ರೂಪಾಯಿ ಏರಿಕೆ ದೊಡ್ಡ ನಷ್ಟ. ಮಿತಿ ದಾಟಿಸುವುದಾದರೆ ಗುಂಪು ಆರೋಗ್ಯ ವಿಮೆಯನ್ನು ಮೊದಲೇ ಸಿದ್ಧ ಮಾಡಿಟ್ಟು ದಾಟಿಸಿ.

ಎರಡು, ಹೊಸ ಸಂಹಿತೆಯ ವೇತನದ ವ್ಯಾಖ್ಯೆ. ಬೇಸಿಕ್, ಡಿಎ ಕಡಿಮೆ ಇಟ್ಟು ಉಳಿದದ್ದನ್ನು ಭತ್ಯೆಗಳಲ್ಲಿ ತುಂಬುವ ಹಳೆಯ ಉಪಾಯ ಇನ್ನು ನಡೆಯುವುದಿಲ್ಲ. ಭತ್ಯೆಗಳು ಒಟ್ಟಿನ ಅರ್ಧ ಮೀರಿದರೆ ಮೀರಿದ ಭಾಗವೂ ವೇತನವೆಂದೇ ಲೆಕ್ಕ. ನಿಗದಿತ ಅವಧಿಗೆ ನೇಮಿಸಿಕೊಂಡವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಹಕ್ಕು ಬರುತ್ತದೆ, ಅದನ್ನೂ ಖರ್ಚಿನಲ್ಲಿ ಬರೆಯಿರಿ.

ಹಂತ 7: ಇನ್ಸೆಂಟಿವ್ ಗುರಿಗೆ ಎದುರು ನಿಲ್ಲದಂತೆ ತಿದ್ದಿ

ಗೋಡೆಯ ಮೇಲೆ "ಗುಣಮಟ್ಟವೇ ನಮ್ಮ ಗುರಿ" ಎಂದು ಬರೆದು, ಇನ್ಸೆಂಟಿವ್ ಮಾತ್ರ ಪೀಸ್ ಎಣಿಕೆಗೆ ಕೊಡುವ ಕಂಪನಿಗಳಿಗೆ ಲೆಕ್ಕವಿಲ್ಲ. ಆಪರೇಟರ್ ಗೋಡೆ ಓದುವುದಿಲ್ಲ, ಸಂಬಳದ ಚೀಟಿ ಓದುತ್ತಾನೆ.

ಬೆಲೆಯಿಂದ ಗುಣಮಟ್ಟಕ್ಕೆ ಹೊರಟ ನಮ್ಮ ಘಟಕದಲ್ಲಿ ಮೊದಲ ಬಾಗಿಲು ರಿಜೆಕ್ಷನ್ (ಕೆಟ್ಟು ತಿರಸ್ಕೃತವಾಗುವ ಪೀಸ್‌ಗಳ ಪ್ರಮಾಣ) ಆಗಬೇಕು. ಒಂದು ಮಾದರಿ: ತಿಂಗಳ ರಿಜೆಕ್ಷನ್ 1%ಕ್ಕಿಂತ ಕಡಿಮೆ ಇದ್ದರೆ 1,200 ರೂ., 1ರಿಂದ 2% ಇದ್ದರೆ 700, ಅದಕ್ಕಿಂತ ಮೇಲೆ ಏನೂ ಇಲ್ಲ. ಈ ಬಾಗಿಲು ದಾಟಿದವರಿಗೆ ಮಾತ್ರ ಎಣಿಕೆಯ ಇನ್ಸೆಂಟಿವ್.

ಇಷ್ಟಕ್ಕೇ ಬಿಟ್ಟರೆ ಮುಂದಿನ ತಿಂಗಳಿಂದ ಕೆಟ್ಟ ಪೀಸ್‌ಗಳು ಸ್ಕ್ರ್ಯಾಪ್ ಡಬ್ಬದ ತಳಕ್ಕೆ, ಟೂಲ್ ಬಾಕ್ಸಿಗೆ, ಕೆಲವೊಮ್ಮೆ ಗೇಟಿನಾಚೆಗೂ ಹೋಗುತ್ತವೆ. ಅದಕ್ಕೆ ಮದ್ದು: ಆಪರೇಟರ್ ತಾನೇ ಕಂಡುಹಿಡಿದು ಕೆಂಪು ಟ್ರೇಗೆ ಹಾಕಿದ ಪೀಸನ್ನು ಅರ್ಧ ಎಂದು ಎಣಿಸಿ, ಮುಂದಿನ ಹಂತದಲ್ಲಿ ಸಿಕ್ಕಿಬಿದ್ದದ್ದನ್ನು ಮೂರು ಎಂದು ಎಣಿಸಿ. ಮೊದಲ ಎರಡು ತಿಂಗಳು ಕೆಂಪು ಟ್ರೇ ತುಂಬುತ್ತದೆ, ಮ್ಯಾನೇಜರ್ ಗಾಬರಿಯಾಗುತ್ತಾರೆ. ಆಗಬೇಕಿಲ್ಲ. ಬಚ್ಚಿಟ್ಟದ್ದು ಈಗ ಹೊರಗೆ ಬರುತ್ತಿದೆ. ಟ್ರೇ ಖಾಲಿಯಿದ್ದು ಗ್ರಾಹಕರ ದೂರು ಬರುತ್ತಿದ್ದರೆ ಮಾತ್ರ ಗಾಬರಿಯಾಗಿ.

ಹಾಜರಾತಿ ಇನ್ಸೆಂಟಿವ್‌ನಲ್ಲಿ ಇನ್ನೊಂದು ಹಳೆ ತಪ್ಪು. ಒಂದು ದಿನ ತಪ್ಪಿದರೆ ಪೂರ್ತಿ 1,500 ಹೋಗುತ್ತದೆ ಎಂದಿಟ್ಟರೆ, 5ನೇ ತಾರೀಖಿಗೆ ಒಂದು ರಜೆ ಹಾಕಿದವನಿಗೆ ಉಳಿದ ತಿಂಗಳು ಬರಲು ಕಾರಣವೇ ಇರುವುದಿಲ್ಲ. ಮೆಟ್ಟಿಲು ಮಾಡಿ: ಪೂರ್ತಿ ಬಂದರೆ 1,500, ಒಂದು ದಿನ ತಪ್ಪಿದರೆ 1,000, ಎರಡಾದರೆ 500. ಮೊದಲೇ ಮಂಜೂರಾದ ಗಳಿಕೆ ರಜೆಯನ್ನು ತಪ್ಪಿದ ದಿನವೆಂದು ಎಣಿಸಬೇಡಿ.

ಗಳಿಸದ ಇನ್ಸೆಂಟಿವ್ ಕೊಡದಿರುವುದು ಬೇರೆ, ದುಡಿದ ವೇತನದಿಂದ ಕೆಟ್ಟ ಪೀಸಿನ ಬೆಲೆ ಕಡಿಯುವುದು ಬೇರೆ. ಎರಡನೆಯದಕ್ಕೆ ಕಾನೂನಿನಲ್ಲಿ ಕಟ್ಟುನಿಟ್ಟಿನ ಷರತ್ತುಗಳಿವೆ, ಸೂಪರ್‌ವೈಸರ್ ಬಾಯಿಮಾತಿನಲ್ಲಿ ಮಾಡುವಂಥದ್ದಲ್ಲ.

ಆಫೀಸ್ ಸಿಬ್ಬಂದಿಯ ವಾರ್ಷಿಕ ಗುರಿಗಳಿಗೆ ಒಂದೇ ಸಲಹೆ: ಒಬ್ಬರಿಗೆ ನಾಲ್ಕಕ್ಕಿಂತ ಹೆಚ್ಚು ಬೇಡ, ಅದರಲ್ಲಿ ಒಂದಾದರೂ ಹಂತ 1ರ ಹಾಳೆಯಿಂದ ನೇರವಾಗಿ ಬಂದಿರಲಿ. ಪರ್ಚೇಸ್‌ನವರ ಗುರಿ "ಟೂಲ್ ಖರ್ಚು 15% ಇಳಿಸುವುದು" ಎಂದಿದ್ದು, ಪ್ರೊಡಕ್ಷನ್‌ನವರ ಗುರಿ "ರಿಜೆಕ್ಷನ್ 1%ಕ್ಕೆ ತರುವುದು" ಎಂದಿದ್ದರೆ ಇಬ್ಬರೂ ವರ್ಷವಿಡೀ ಜಗಳವಾಡುತ್ತಾರೆ. ಆ ಜಗಳ ಹುಟ್ಟಿಸಿದ್ದು ಎಚ್‌ಆರ್ ಫಾರ್ಮೇ.

ಹಂತ 8: ಬಿಟ್ಟು ಹೋಗುವವರನ್ನು ಅವಧಿ ನೋಡಿ ವಿಂಗಡಿಸಿ

"ನಮ್ಮ ಅಟ್ರಿಷನ್ (ಕೆಲಸ ಬಿಡುವವರ ಪ್ರಮಾಣ) 30%" ಎಂಬ ಒಂಟಿ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಪಟ್ಟಿಯನ್ನು ನಾಲ್ಕು ತುಂಡು ಮಾಡಿ. 30 ದಿನದೊಳಗೆ ಹೋದವರು ಹೆಚ್ಚಿದ್ದರೆ ತಪ್ಪು ನೇಮಕಾತಿಯಲ್ಲಿ: ಏಜೆನ್ಸಿ ಹೇಳಿದ ಸಂಬಳ ಒಂದು, ಕೈಗೆ ಬಂದದ್ದು ಇನ್ನೊಂದು. 31ರಿಂದ 90 ದಿನದೊಳಗಾದರೆ ಸೂಪರ್‌ವೈಸರ್, ಶಿಫ್ಟ್, ಇಲ್ಲವೇ ರೂಮು-ಊಟದ ಸಮಸ್ಯೆ. ಒಂದು ವರ್ಷದ ಸುತ್ತಮುತ್ತ ಹೋದರೆ ಕಲಿತಾಯಿತು, ಮುಂದೆ ದಾರಿ ಕಾಣಲಿಲ್ಲ ಎಂದರ್ಥ. ಐದು ವರ್ಷ ದಾಟಿದವರು ಹೋಗತೊಡಗಿದರೆ ಮಾಲೀಕರೇ ಕೂತು ಮಾತಾಡಬೇಕು, ಎಚ್‌ಆರ್ ಫಾರ್ಮಿಗೆ ಅದು ದಕ್ಕುವ ವಿಷಯವಲ್ಲ.

ಆಮೇಲೆ ಅದೇ ಪಟ್ಟಿಯನ್ನು ಸೂಪರ್‌ವೈಸರ್‌ವಾರು ವಿಂಗಡಿಸಿ. ಒಬ್ಬರ ಕೈಕೆಳಗೆ ಮಾತ್ರ ಜನ ನಿಲ್ಲದಿದ್ದರೆ ಸಂಬಳ ಏರಿಸಿ ಪ್ರಯೋಜನವಿಲ್ಲ.

ಕೆಲಸ ಬಿಡುವ ದಿನ ತುಂಬಿಸುವ ಫಾರ್ಮಿನಲ್ಲಿ ಎಲ್ಲರೂ "ಮನೆ ಸಮಸ್ಯೆ" ಎಂದೇ ಬರೆಯುತ್ತಾರೆ. ಸೆಟ್ಲ್‌ಮೆಂಟ್ ಹಣ ಇನ್ನೂ ಬರಬೇಕಲ್ಲ. ಹಣ ಕೈಸೇರಿ ಮೂರು ವಾರವಾದ ಮೇಲೆ, ಅವರ ಭಾಷೆ ಬಲ್ಲವರಿಂದ ಫೋನ್ ಮಾಡಿಸಿ. ಹೊಸಬರಿಗೆ 7ನೇ, 30ನೇ, 60ನೇ ದಿನ ಹತ್ತು ನಿಮಿಷ ಕೊಡಿ. ಕೇಳಬೇಕಾದದ್ದು ರೂಮು, ಊಟ, ಮೊದಲ ಸಂಬಳದ ಲೆಕ್ಕ ಸರಿ ಬಂತೇ ಅನ್ನುವುದು. ಮೊದಲ ಸಂಬಳದಲ್ಲಿ ಇನ್ನೂರು ರೂಪಾಯಿ ತಪ್ಪಾದರೂ ನಂಬಿಕೆ ಹೋಗುತ್ತದೆ.

ಹಂತ 9: ತಿಂಗಳಿಗೊಮ್ಮೆ, ಒಂದೇ ಹಾಳೆ

ಹಂತ 1ರಲ್ಲಿ ಕೂತ ಅದೇ ನಾಲ್ವರು ಪ್ರತಿ ತಿಂಗಳು 10ನೇ ತಾರೀಖಿನೊಳಗೆ ಅರ್ಧ ಗಂಟೆ ಕೂರಲಿ. ಹಾಳೆಯಲ್ಲಿ ಆರೇ ಸಾಲು: ಮುಖ್ಯ ಕೆಲಸಗಳಲ್ಲಿ 3 ಅಂಕ ಮುಟ್ಟಿದವರು (ಬೇಕಾದದ್ದು, ಇರುವುದು), ಹಂತ 5ರ ದಿನಾಂಕಗಳಲ್ಲಿ ಜಾರಿದವು, 90 ದಿನದೊಳಗೆ ಬಿಟ್ಟವರು, ಓಟಿ ಗಂಟೆಗಳು, ಹೇಳದೆ ತಪ್ಪಿಸಿದ ದಿನಗಳು, ರಿಜೆಕ್ಷನ್. ತರಬೇತಿ ಗಂಟೆಗಳ ಮೊತ್ತವನ್ನು ಇದರಲ್ಲಿ ಹಾಕಬೇಡಿ. ಎಷ್ಟು ಗಂಟೆ ಕೂರಿಸಿದಿರಿ ಎನ್ನುವುದಕ್ಕಿಂತ 2 ಅಂಕದಿಂದ 3ಕ್ಕೆ ಎಷ್ಟು ಜನ ಹೋದರು ಅನ್ನುವುದೇ ಬೇಕಾದ ಉತ್ತರ.

ಯಾವಾಗ ಯೋಜನೆಯನ್ನೇ ಮತ್ತೆ ಬರೆಯಬೇಕು ಎಂಬುದನ್ನು ಮೊದಲೇ ಒಪ್ಪಿಕೊಂಡಿರಿ. ಓಟಿ ಎರಡು ತಿಂಗಳು ಸತತವಾಗಿ ಏರಿದರೆ ಹಂತ 2ಕ್ಕೆ ಹಿಂತಿರುಗಿ. ಸೆಟ್ಟರ್ ಆಗಲು ಹೊರಟವರಲ್ಲಿ ಇಬ್ಬರು ಬಿಟ್ಟರೆ ಹಂತ 5ಕ್ಕೆ. ಆರ್ಡರ್ ಅಂದಾಜು ಐದರಲ್ಲೊಂದು ಭಾಗ ಏರಿದರೂ ಇಳಿದರೂ ಹಂತ 1ಕ್ಕೆ. ಯಂತ್ರ ಬರುವುದು ಮೂರು ತಿಂಗಳು ತಡವಾದರೆ ಮೂರನೇ ತಂಡವನ್ನು ಮುಂದೂಡಿ, ಆದರೆ ಸೆಟ್ಟರ್ ತರಬೇತಿ ನಿಲ್ಲಿಸಬೇಡಿ. ಕಲಿತು ನಿಂತ ಸೆಟ್ಟರ್‌ಗೆ ಹಳೆ ಲೈನಿನಲ್ಲೂ ಕೆಲಸ ಇದ್ದೇ ಇರುತ್ತದೆ.